ದುಡ್ಡು ಕೊಟ್ಟು ಹೋಗುವ ಲೀಡರ್‌ಶಿಪ್ ಸಮ್ಮೇಳನದಿಂದ ಅಮೆರಿಕದ ಕಾಲೇಜ್ ಅಡ್ಮಿಷನ್‌ಗೆ ಉಪಯೋಗವಿದೆಯಾ?
ನಿಮ್ಮ ಮಗಳಿಗೆ ವಾಷಿಂಗ್ಟನ್ ಸಮ್ಮೇಳನಕ್ಕೆ ‘ಆಯ್ಕೆಯಾಗಿದ್ದೀರಿ’ ಎಂಬ ಪತ್ರ ಬಂದಿದೆ, ದುಡ್ಡು ಕಟ್ಟಿ ಕಳಿಸಬೇಕಾ ಅಂತ ಕೇಳಿದ್ದೀರಿ. ಆ ಪತ್ರ ಬಂದಿರುವುದು ಬಹುಶಃ ಕಾಲೇಜು ಪ್ರವೇಶದ ಎಸ್ಎಟಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ಗೆ ಅವಳು ಕೊಟ್ಟ ಮಾಹಿತಿಯಿಂದ. ಕಾಲೇಜ್ ಬೋರ್ಡ್‌ನ ಸ್ಟೂಡೆಂಟ್ ಸರ್ಚ್ ಎಂಬ ಮಾಹಿತಿ ಹಂಚುವ ಸೇವೆಗೆ ಒಪ್ಪಿಗೆ ಕೊಟ್ಟವರ ವಿವರ ಕಾಲೇಜುಗಳಿಗಷ್ಟೇ ಅಲ್ಲ, ಬೇರೆ ಶೈಕ್ಷಣಿಕ ಕಾರ್ಯಕ್ರಮಗಳಿಗೂ ಹೋಗುತ್ತದೆ. ಶಿಕ್ಷಕರೇ ಹೆಸರು ಸೂಚಿಸಿರಲೂಬಹುದು. ಅದನ್ನು ಮೊದಲು ಶಾಲೆಯ ಕೌನ್ಸೆಲರ್ ಹತ್ತಿರ ಕೇಳಿ.

ಅಲ್ಲಿಯವರೆಗೆ ಮುಂಗಡ ಕಟ್ಟಬೇಡಿ. ಕಟ್ಟಿಯಾಗಿದ್ದರೆ ಮರುಪಾವತಿಯ ಷರತ್ತು ಓದಿ, ಇವತ್ತೇ ಇಮೇಲ್‌ನಲ್ಲಿ ವಾಪಸ್ ಕೇಳಿ. ಪೂರ್ತಿ ಬರುತ್ತದೆ ಅಂತ ಹೇಳಲಾರೆ.

ಆಮೇಲೆ ಮಗಳ ಜೊತೆ ಕೂತು ಕಾಮನ್ ಆ್ಯಪ್‌ನ (ಹಲವು ಕಾಲೇಜುಗಳಿಗೆ ಒಂದೇ ಆನ್‌ಲೈನ್ ಅರ್ಜಿ) ಚಟುವಟಿಕೆ ಪಟ್ಟಿ ಬರೆದು ನೋಡಿ. ಅಲ್ಲಿರುವುದು 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ದುಡ್ಡು ಕೊಟ್ಟು ಒಂದು ವಾರ ಭಾಷಣ ಕೇಳಿದ್ದನ್ನು ಬರೆದರೆ ಅವಳು ಏನು ಮಾಡಿದಳು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಎರಡು ವರ್ಷ ಪ್ರತಿ ಶನಿವಾರ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದರೆ ಅದರ ತೂಕವೇ ಜಾಸ್ತಿ. ನನ್ನ ಮಗನಿಗೂ ಇಂಥದೇ ಪತ್ರ ಬಂದಿತ್ತು. ನಾವು ಕಳಿಸಲಿಲ್ಲ, ಆ ಬಗ್ಗೆ ಬೇಸರವೂ ಇಲ್ಲ.

ಊರು ನೋಡುವ, ಹೊಸ ಗೆಳೆಯರನ್ನು ಮಾಡಿಕೊಳ್ಳುವ ಆಸೆ ಅವಳಿಗಿದ್ದು, ಖರ್ಚು ನಿಮಗೆ ಭಾರವಲ್ಲದಿದ್ದರೆ ಖಂಡಿತ ಕಳಿಸಿ. ಅಡ್ಮಿಷನ್‌ಗೋಸ್ಕರ ಸಾಲ ಮಾತ್ರ ಮಾಡಬೇಡಿ. ಕೌನ್ಸೆಲರ್ ಸಿಕ್ಕಾಗ ಮಾಜಿ ಸೈನಿಕರಿಗಾಗಿ ಕೆಲಸ ಮಾಡುವ ಅಮೆರಿಕನ್ ಲೀಜನ್ ಆಕ್ಸಿಲಿಯರಿ ಸಂಸ್ಥೆಯ ಗರ್ಲ್ಸ್ ಸ್ಟೇಟ್ (ಸರ್ಕಾರ ಹೇಗೆ ನಡೆಯುತ್ತದೆ ಅಂತ ಹೈಸ್ಕೂಲ್ ಹುಡುಗಿಯರಿಗೆ ಕಲಿಸುವ ಶಿಬಿರ) ಬಗ್ಗೆಯೂ ವಿಚಾರಿಸಿ. ಅದರ ಖರ್ಚನ್ನು ಎಷ್ಟೋ ಕಡೆ ಸ್ಥಳೀಯ ಘಟಕವೇ ಕೊಡುತ್ತದೆ.