ಮೊದಲು ಏಣಿ ಹಾಕಿ ಚಾವಣಿ ನೋಡಿ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಸುತ್ತುವ ಮನೆಗಾಡಿ) ಕೊಂಡಿದ್ದೇವೆ. ಹಳೇ ಮಾಲೀಕರು ಕೊಟ್ಟ ಫೈಲಿನಲ್ಲಿ ಎಂಜಿನ್ ಸರ್ವಿಸ್ ಬಿಲ್ ಬಿಟ್ಟರೆ ಬೇರೇನೂ ಇಲ್ಲ. ಬ್ಯಾಟರಿ ಬದಲಿಸಿ, ಟೈರ್ ಬದಲಿಸಿ, ಸೋಲಾರ್ ಹಾಕಿಸಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ. ಎಲ್ಲಿಂದ ಶುರು ಮಾಡೋಣ? ಯಾವ ಕೆಲಸ ನಾವೇ ಮಾಡಿಕೊಳ್ಳಬಹುದು?

ಉತ್ತರ: ಸೋಲಾರ್ ಸದ್ಯಕ್ಕೆ ಬಿಡಿ. ಏಣಿ ಹಾಕಿ ಚಾವಣಿ ನೋಡಿ. ಎಂಜಿನ್ ಕೆಟ್ಟರೆ ಬಿಡಿಭಾಗ ಸಿಗುತ್ತದೆ, ರಿಪೇರಿ ಮಾಡುವವರೂ ಸಿಗುತ್ತಾರೆ. ಆದರೆ ಚಾವಣಿಯ ಒಂದು ಸಣ್ಣ ಬಿರುಕಿನಿಂದ ನೀರು ಇಳಿದು, ಗೋಡೆಯೊಳಗಿನ ಮರದ ಚೌಕಟ್ಟು ಯಾರಿಗೂ ಕಾಣದ ಹಾಗೆ ಕೊಳೆತರೆ, ಇಡೀ ಪಕ್ಕವನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ, ಆ ಖರ್ಚು ಕೆಲವೊಮ್ಮೆ ಗಾಡಿಯ ಬೆಲೆಯನ್ನೇ ಮೀರುತ್ತದೆ.

ಎಲ್ಲ ಚಾವಣಿಯೂ ಮನುಷ್ಯರ ಭಾರ ತಡೆಯುವುದಿಲ್ಲ, ಏಣಿಯ ಮೇಲೆ ನಿಂತೇ ನೋಡಿ. ಗಾಳಿಕಿಂಡಿ, ಆ್ಯಂಟೆನಾ, ಅಂಚಿನ ಪಟ್ಟಿ, ಕಿಟಕಿಯ ಮೇಲಂಚು, ಹೀಗೆ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸೀಲಂಟ್, ಅಂದರೆ ಸಂದಿಗೆ ನೀರು ಇಳಿಯದಂತೆ ಹಾಕಿದ ಅಂಟು, ಒಣಗಿ ಸೀಳಿದೆಯಾ ಅಂತ ಗಮನಿಸಿ. ಒಳಗೆ ಬಂದು ಕಪಾಟುಗಳ ಮೂಲೆಗೆ ಮೂಗಿಟ್ಟು ನೋಡಿ. ಮುಗ್ಗಲು ವಾಸನೆ, ಉಬ್ಬಿದ ಗೋಡೆ, ಬಾಗಿಲ ಹತ್ತಿರ ಮೆತ್ತಗಾದ ನೆಲ, ಇವೇ ಗುರುತು. ತೇವಾಂಶ ತೋರಿಸುವ ಸಣ್ಣ ಮೀಟರ್ ಕೊಳ್ಳಿ, ಅದಕ್ಕೆ ಹಾಕಿದ ದುಡ್ಡು ದಂಡವಲ್ಲ.

ಸೀಲಂಟ್ ಕೆಲಸ ನೀವೇ ಮಾಡಬಹುದು. ಆದರೆ ಸ್ನಾನದಮನೆಗೆ ಹಾಕುವ ಸಿಲಿಕೋನ್ ಬೇಡವೇ ಬೇಡ. ಅದು ಒಮ್ಮೆ ಅಂಟಿದ ಮೇಲೆ ಅದರ ಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಚೊಕ್ಕ ಮಾಡಿ, ನಿಮ್ಮ ಚಾವಣಿಗೆ ಹೊಂದುವ ಸೀಲಂಟನ್ನೇ ಹಾಕಿ. ಒಳಗೆ ತೇವ ಇದ್ದರೆ ಮೊದಲು ಒಣಗಿಸಿ, ಇಲ್ಲದಿದ್ದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ.

ಗ್ಯಾಸ್ ವಿಷಯದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ಅಂತ ನೀವೇ ನೋಡಬಹುದು, ಗ್ಯಾಸ್ ಹೋಸ್ ಹಳತಾಗಿದೆಯಾ ಅಂತ ಅದರ ಮೇಲಿನ ತಾರೀಖು ಓದಬಹುದು. ಬಿಚ್ಚಿ ಜೋಡಿಸುವುದು ಮಾತ್ರ ಗ್ಯಾಸ್ ಕೆಲಸ ಬಲ್ಲ ಟೆಕ್ನಿಷಿಯನ್‌ಗೆ ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಅದಕ್ಕೇ ನೆಲದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಚಳಿ ಅಂತ ಅದನ್ನು ಮುಚ್ಚುವವರಿದ್ದಾರೆ, ದಯವಿಟ್ಟು ಮುಚ್ಚಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವ ಅಲಾರಂ ಇಲ್ಲದಿದ್ದರೆ ಒಳಗೆ ಮಲಗುವ ಮುಂಚೆ ಹಾಕಿಸಿ. ಆ ಅನಿಲಕ್ಕೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬ್ರೇಕ್ ಮತ್ತು ಹೊರಗಿನಿಂದ ಬರುವ ಕರೆಂಟಿನ ವೈರಿಂಗ್ ಕೂಡ ಗೊತ್ತಿರುವವರಿಗೇ ಬಿಡಿ.

ಟೈರಿನ ಗೆರೆ ಚೆನ್ನಾಗಿದೆ ಅಂತ ನಂಬಬೇಡಿ. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಸವೆಯುವ ಮುಂಚೆಯೇ ರಬ್ಬರ್ ಹಳತಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಪಕ್ಕದಲ್ಲಿ ಬಿರುಕಿದ್ದರೆ ಬದಲಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್‌ಗಳ ಬಿಗಿ ಮತ್ತೆ ನೋಡಿ.

ಬ್ಯಾಟರಿಯನ್ನು ಸುಮ್ನೆ ಬದಲಿಸಬೇಡಿ, ಅಳೆದು ನೋಡಿ. ಮನೆ ಭಾಗಕ್ಕೆ ಕರೆಂಟ್ ಕೊಡುವುದು ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಾದರೆ, ಫುಲ್ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕೆ ಬಂತೆಂದರೆ ಅರ್ಧ ಖಾಲಿ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬೇಗ ಹಾಳಾಗುತ್ತದೆ. ಇನ್ನು ಫ್ಯೂಸ್ ಸುಟ್ಟರೆ ಅಷ್ಟೇ ಆಂಪಿಯರಿನದು ಹಾಕಿ. ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಪ್ರಶ್ನೆ: ಎಲ್ಲ ನಲ್ಲಿ ಮುಚ್ಚಿದ್ದರೂ ರಾತ್ರಿ ನೀರಿನ ಪಂಪ್ ಆಗಾಗ ಒಂದು ಕ್ಷಣ ಓಡಿ ನಿಲ್ಲುತ್ತದೆ. ಪಂಪ್ ಕೆಟ್ಟಿದೆಯಾ?

ಉತ್ತರ: ಇರಬಹುದು, ಆದರೆ ಮೊದಲು ಸೋರಿಕೆ ಹುಡುಕಿ. ಪೈಪಿನಲ್ಲಿ ಒತ್ತಡ ಇಳಿದಾಗ ಮಾತ್ರ ಪಂಪ್ ಓಡುತ್ತದೆ, ಅಂದರೆ ನೀರು ಎಲ್ಲೋ ಹೋಗುತ್ತಿದೆ. ಒಂದೊಂದು ಜಾಯಿಂಟಿನ ಕೆಳಗೂ ಒಣ ಟಿಶ್ಯೂ ಪೇಪರ್ ಇಡಿ, ಒದ್ದೆಯಾದ ಕಡೆ ಸಿಕ್ಕಿತು. ಟಾಯ್ಲೆಟ್ ವಾಲ್ವ್, ಗೀಸರಿನ ಡ್ರೈನ್ ವಾಲ್ವ್ ಮರೆಯಬೇಡಿ. ಎಲ್ಲ ಒಣಗಿದ್ದರೆ ಆಗ ಪಂಪಿನೊಳಗಿನ ವಾಲ್ವ್ ಮೇಲೆ ಅನುಮಾನ ಪಡಿ. ಅಲ್ಲಿಯವರೆಗೆ ಮಲಗುವಾಗ, ಗಾಡಿ ಬಿಟ್ಟು ಹೋಗುವಾಗ ಪಂಪ್ ಸ್ವಿಚ್ ಆಫ್ ಮಾಡಿ.

ಪ್ರಶ್ನೆ: ಕೆಲವು ತಿಂಗಳು ಗಾಡಿ ತೆಗೆಯುವುದಿಲ್ಲ. ದಿನಾ ಐದು ನಿಮಿಷ ಎಂಜಿನ್ ಆನ್ ಮಾಡಿಟ್ಟರೆ ಸಾಕಲ್ವಾ?

ಉತ್ತರ: ಸಾಲದು. ನಿಂತಲ್ಲೇ ಐದು ನಿಮಿಷ ಓಡಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಬ್ಯಾಟರಿಯೂ ತುಂಬುವುದಿಲ್ಲ. ಅದರ ಬದಲು ತಿಂಗಳಿಗೊಮ್ಮೆ ರಸ್ತೆಗೆ ಇಳಿಸಿ ಸರಿಯಾಗಿ ಓಡಿಸಿ, ಬ್ರೇಕ್ ಡಿಸ್ಕಿನ ತುಕ್ಕೂ ಹೋಗುತ್ತದೆ. ಜನರೇಟರ್ ಇದ್ದರೆ ಅದನ್ನೂ ಲೋಡ್ ಕೊಟ್ಟು, ಅಂದರೆ ಕರೆಂಟ್ ಎಳೆಯುವ ಉಪಕರಣ ಆನ್ ಮಾಡಿ, ಓಡಿಸಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಜಾಗವಾದರೆ ಟ್ಯಾಂಕ್, ಪೈಪ್, ಗೀಸರ್ ಎಲ್ಲ ಖಾಲಿ ಮಾಡಿ ನಲ್ಲಿಗಳನ್ನು ತೆರೆದಿಡಿ. ಫ್ರಿಜ್ ಬಾಗಿಲನ್ನೂ ಸ್ವಲ್ಪ ತೆರೆದೇ ಇಡಿ.