ವಿಯೆಟ್ನಾಮಿನ ಪ್ರೌಢಶಾಲಾ ಮಕ್ಕಳ ಉನ್ನತ ಮಟ್ಟದ ಇಂಗ್ಲಿಷನ್ನು ಪರೀಕ್ಷಿಸುವುದು ಹೇಗೆ?

ಹಾಯ್ ಫಾಂಗ್ ನಗರದ ಚುಯೆನ್ ಶಾಲೆಯೊಂದರಲ್ಲಿ, ಅಂದರೆ ಪ್ರತಿಭಾವಂತರಿಗೆಂದೇ ಇರುವ ವಿಶೇಷ ಪ್ರೌಢಶಾಲೆಯಲ್ಲಿ, ಹನ್ನೊಂದನೆಯ ತರಗತಿಯ ಇಂಗ್ಲಿಷ್ ವಿಭಾಗಕ್ಕೆ ಪಾಠ ಹೇಳಲು ಹೊರಟಿರುವುದಾಗಿ ಬರೆದಿದ್ದೀರಿ. ಅಲ್ಲಿನ ಹಳೆಯ ಪತ್ರಿಕೆಗಳಲ್ಲಿ ಹೆಚ್ಚಿನ ಮಕ್ಕಳು ಹತ್ತಕ್ಕೆ ಒಂಬತ್ತರ ಮೇಲೆ ಅಂಕ ತೆಗೆದಿರುವುದನ್ನು ನೋಡಿ, ಇಂಥವರಿಗೆ ಇನ್ನೂ ಕಠಿಣವಾದ ಪತ್ರಿಕೆಯನ್ನು ತಯಾರಿಸುವುದು ಹೇಗೆಂದು ಕೇಳಿದ್ದೀರಿ. ಹನೋಯ್‌ನಲ್ಲಿ ಹಲವು ವರ್ಷಗಳಿಂದ ಇದೇ ವಯಸ್ಸಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಪ್ರಶ್ನೆಪತ್ರಿಕೆ ರಚಿಸುವ ಮತ್ತು ಮೌಲ್ಯಮಾಪನ ಮಾಡುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಆ ಅನುಭವದಿಂದ ಹೇಳುವುದಾದರೆ, ಪತ್ರಿಕೆಯನ್ನು ಕಠಿಣಗೊಳಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಪ್ರಶ್ನೆ ಕಷ್ಟವಾದಷ್ಟೂ ಅದು ಉನ್ನತ ಸಾಮರ್ಥ್ಯವನ್ನು ಅಳೆಯುತ್ತದೆ ಎಂಬ ನಂಬಿಕೆಯಿಂದಲೇ ಇಲ್ಲಿ ಈ ಹಂತದ ಅನೇಕ ಪತ್ರಿಕೆಗಳು ದಾರಿ ತಪ್ಪುತ್ತವೆ.

ಮೊದಲು ನಿಮ್ಮ ಮಕ್ಕಳ ಸುತ್ತ ಯಾವ ಯಾವ ಪರೀಕ್ಷೆಗಳಿವೆ ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಅವರ ಕಲಿಕೆಯ ಅಭ್ಯಾಸಗಳೆಲ್ಲ ಅವುಗಳಿಂದಲೇ ರೂಪುಗೊಂಡಿವೆ. ಇಲ್ಲಿ ಆರರಿಂದ ಒಂಬತ್ತನೆಯ ತರಗತಿಯವರೆಗೆ ಕೆಳ ಪ್ರೌಢ ಹಂತ, ಹತ್ತರಿಂದ ಹನ್ನೆರಡರವರೆಗೆ ಮೇಲಿನ ಪ್ರೌಢ ಹಂತ. 2018ರ ಸಾಮಾನ್ಯ ಶಿಕ್ಷಣ ಪಠ್ಯಕ್ರಮದ ಪ್ರಕಾರ ಹನ್ನೆರಡನೆಯ ತರಗತಿ ಮುಗಿಸುವ ವಿದ್ಯಾರ್ಥಿ ವಿಯೆಟ್ನಾಮಿನ ಆರು ಹಂತಗಳ ಭಾಷಾ ಚೌಕಟ್ಟಿನಲ್ಲಿ ಮೂರನೆಯ ಹಂತವನ್ನು ತಲುಪಬೇಕು. ಎ1ರಿಂದ ಸಿ2ರವರೆಗೆ ಮೇಲೇರುವ ಯುರೋಪಿನ ಭಾಷಾ ಚೌಕಟ್ಟಿನಲ್ಲಿ ಇದು ಬಿ1ಕ್ಕೆ ಸಮ. ನಿಮ್ಮ ತರಗತಿಯ ಮಕ್ಕಳಲ್ಲಿ ಬಹುಪಾಲು ಈಗಾಗಲೇ ಬಿ2 ದಾಟಿರುತ್ತಾರೆ, ಕೆಲವರು ಸಿ1ರ ಹೊಸ್ತಿಲಲ್ಲಿರುತ್ತಾರೆ. ಹನ್ನೆರಡನೆಯ ತರಗತಿಯ ಕೊನೆಯ ರಾಷ್ಟ್ರಮಟ್ಟದ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ 2024ರವರೆಗೆ 60 ನಿಮಿಷಕ್ಕೆ 50 ಬಹು ಆಯ್ಕೆಯ ಪ್ರಶ್ನೆಗಳಿದ್ದವು. 2025ರಿಂದ 50 ನಿಮಿಷಕ್ಕೆ 40 ಪ್ರಶ್ನೆಗಳಾಗಿವೆ, ಇಂಗ್ಲಿಷ್ ಐಚ್ಛಿಕ ವಿಷಯವಾಗಿದೆ, ಉಚ್ಚಾರಣೆ ಬೇರೆಯಾಗಿರುವ ಪದವನ್ನು ಗುರುತಿಸುವ ಹಳೆಯ ಬಗೆಯ ಪ್ರಶ್ನೆಗಳು ಹೋಗಿ ಓದಿಗೆ ಹೆಚ್ಚು ಜಾಗ ಸಿಕ್ಕಿದೆ. ಆದರೆ ಕೇಳುವಿಕೆ, ಮಾತು, ಬರವಣಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹೊಸ ಮಾದರಿಯ ಮೊದಲ ಪತ್ರಿಕೆ ಪಠ್ಯಕ್ರಮ ನಿಗದಿಪಡಿಸಿದ ಮಟ್ಟಕ್ಕಿಂತ ತುಂಬಾ ಮೇಲಿತ್ತು ಎಂದು 2025ರ ಜೂನ್ ಕೊನೆಯಲ್ಲಿ ದೇಶದಾದ್ಯಂತ ದೂರುಗಳು ಕೇಳಿಬಂದವು.

ಚುಯೆನ್ ಶಾಲೆಯ ಮಕ್ಕಳ ಮಟ್ಟಿಗೆ ಈ ಪರೀಕ್ಷೆಗಿಂತ ಮುಖ್ಯವಾದವು ಇನ್ನೆರಡು. ಒಂದು, ಹೊಕ್ ಸಿನ್ ಜೊಯ್ ಎಂದು ಕರೆಯುವ ರಾಷ್ಟ್ರೀಯ ಪ್ರತಿಭಾ ಪರೀಕ್ಷೆ. ಅದರಲ್ಲಿ ಮೊದಲ ಮೂರು ಶ್ರೇಣಿಯ ಬಹುಮಾನ ಪಡೆದವರಿಗೆ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ ದೊರೆಯುತ್ತದೆ. ಇನ್ನೊಂದು ಐಇಎಲ್‌ಟಿಎಸ್ ಎಂಬ ಅಂತರರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆ. ಅನೇಕ ವಿಶ್ವವಿದ್ಯಾಲಯಗಳು ಅದರ ಅಂಕವನ್ನು ಪ್ರವೇಶಕ್ಕೆ ಪರಿಗಣಿಸುವುದರಿಂದ, ಒಂದು ಸಲ ಬರೆಯಲು 40 ಲಕ್ಷ ಡಾಂಗ್‌ಗೂ ಹೆಚ್ಚು ಶುಲ್ಕವಿದ್ದರೂ, ನಗರದ ಪೋಷಕರು ಮಕ್ಕಳನ್ನು ಹತ್ತನೆಯ ತರಗತಿಯಿಂದಲೇ, ಕೆಲವೊಮ್ಮೆ ಅದಕ್ಕೂ ಮೊದಲೇ, ಸಿದ್ಧತಾ ಕೇಂದ್ರಗಳಿಗೆ ಕಳಿಸುತ್ತಾರೆ.

ಪ್ರತಿಭಾ ಪರೀಕ್ಷೆಯ ತಯಾರಿಗೆ ಶಿಕ್ಷಕರು ಕೇಂಬ್ರಿಜ್‌ನ ಸಿ1, ಸಿ2 ಪರೀಕ್ಷೆಗಳ ಅಭ್ಯಾಸ ಪುಸ್ತಕಗಳನ್ನು ಬಳಸುತ್ತಾರೆ. ಆ ಪುಸ್ತಕಗಳ ಬಗ್ಗೆ ನನಗೆ ಆಕ್ಷೇಪವಿಲ್ಲ. ಅವುಗಳಿಂದ ಶಾಲೆಯ ಪತ್ರಿಕೆಗಳಿಗೆ ಇಳಿದು ಬರುವುದು ಮಾತ್ರ ಹೆಚ್ಚಾಗಿ ಅಪರೂಪದ ನುಡಿಗಟ್ಟುಗಳು, ಕ್ರಿಯಾಪದದ ಜೊತೆ ಬಂದು ಅರ್ಥ ಬದಲಿಸುವ ‘ಅಪ್’, ‘ಆಫ್’ನಂಥ ಸಣ್ಣ ಪದಗಳು, ಇಂಗ್ಲೆಂಡಿನವರೇ ದಿನಬಳಕೆಯಲ್ಲಿ ಬಿಟ್ಟಿರುವ ಗಾದೆಗಳು. ಒಂದು ವಾಕ್ಯ, ಒಂದು ಖಾಲಿ ಜಾಗ, ನಾಲ್ಕು ಅಪರಿಚಿತ ಪದಗಳು: ಈ ಬಗೆಯ ಪ್ರಶ್ನೆಗೆ ತರಗತಿಯ ಅರ್ಧಕ್ಕರ್ಧ ಮಂದಿ ತಪ್ಪು ಉತ್ತರ ಕೊಟ್ಟಾಗ ಅದು ಒಳ್ಳೆಯ ಪ್ರಶ್ನೆಯೆಂದು ನಮಗೆ ಅನ್ನಿಸಿಬಿಡುತ್ತದೆ. ಆದರೆ ಪತ್ರಿಕೆ ತಿದ್ದಿದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಟ್ಟು ಅಂಕಗಳಲ್ಲಿ ಮೇಲಿನ ಮೂರನೇ ಒಂದು ಭಾಗದ ಮಕ್ಕಳಲ್ಲಿ ಎಷ್ಟು ಮಂದಿ ಆ ಪ್ರಶ್ನೆಗೆ ಸರಿಯುತ್ತರ ಕೊಟ್ಟಿದ್ದಾರೆ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಎಷ್ಟು ಮಂದಿ ಕೊಟ್ಟಿದ್ದಾರೆ ಎಂದು ಹೋಲಿಸಿ. ಅಪರೂಪದ ಪದದ ಪ್ರಶ್ನೆಗಳಲ್ಲಿ ಈ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆ ಪದ ಯಾರ ಪಟ್ಟಿಯಲ್ಲಿತ್ತೋ ಅವರಿಗೆ ಗೊತ್ತು, ಇಲ್ಲದವರು ಊಹಿಸಿದರು, ಅಷ್ಟೇ. ಅಲ್ಲಿ ಅಳೆದದ್ದು ಯಾವ ಕೇಂದ್ರದ ಪಟ್ಟಿಯನ್ನು ಮಗು ಬಾಯಿಪಾಠ ಮಾಡಿದೆ ಎಂಬುದನ್ನು. ಆ ಕೇಂದ್ರಕ್ಕೆ ಹೋಗಲು ಹಣವಿಲ್ಲದ, ದೂರದ ಊರಿನಿಂದ ಪ್ರವೇಶ ಪರೀಕ್ಷೆ ಬರೆದು ಬಂದು ವಸತಿನಿಲಯದಲ್ಲಿ ಓದುವ ಮಗುವಿಗೆ ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ.

ಹಾಗಾದರೆ ಉನ್ನತ ಸಾಮರ್ಥ್ಯವೆಂದರೆ ಏನು? ದೀರ್ಘವಾದ ಪಠ್ಯವನ್ನು ಓದಿ, ಬರೆದವರು ನೇರವಾಗಿ ಹೇಳದಿರುವುದನ್ನೂ ಹಿಡಿಯುವುದು. ಒಂದೇ ವಿಷಯವನ್ನು ಇಬ್ಬರು ಬೇರೆ ಬೇರೆ ಓದುಗರಿಗೆ ತಕ್ಕ ಧಾಟಿಯಲ್ಲಿ ಹೇಳುವುದು. ಎದುರಾಳಿಯ ವಾದದಲ್ಲಿ ಒಪ್ಪಬಹುದಾದ ಭಾಗವನ್ನು ಒಪ್ಪಿ, ಉಳಿದದ್ದನ್ನು ತೂಕವಾಗಿ ನಿರಾಕರಿಸುವುದು. ಇವು ಸಿ1ರ ವಿವರಣೆಗಳ ತಿರುಳು. ಇಲ್ಲಿ ವಯಸ್ಸಿನ ಪ್ರಶ್ನೆಯೊಂದು ಅಡ್ಡ ಬರುತ್ತದೆ. ಕೇಂಬ್ರಿಜ್ ಸಂಸ್ಥೆ ಶಾಲಾ ಮಕ್ಕಳಿಗೆಂದು ಪ್ರತ್ಯೇಕ ಆವೃತ್ತಿಯನ್ನು ಎ2, ಬಿ1, ಬಿ2 ಹಂತಗಳಿಗೆ ನಡೆಸುತ್ತದೆ, ಸಿ1ಕ್ಕೆ ನಡೆಸುವುದಿಲ್ಲ. ಆ ಹಂತದಿಂದ ಮೇಲೆ ಎಲ್ಲರಿಗೂ ಒಂದೇ ಪತ್ರಿಕೆ. ಹದಿನಾರು ವರ್ಷದ ಹುಡುಗಿಗೆ ಕಚೇರಿಯ ನೇಮಕಾತಿ ನೀತಿಯ ಬಗ್ಗೆ ವರದಿ ಬರೆಯಲು ಹೇಳಿದರೆ ಅವಳು ತಡವರಿಸುವುದು ಇಂಗ್ಲಿಷ್ ಬಾರದ ಕಾರಣಕ್ಕೆ ಇರಲಾರದು. ಆ ಲೋಕವೇ ಅವಳಿಗೆ ಪರಿಚಯವಿಲ್ಲ. ಆದ್ದರಿಂದ ಭಾಷೆಯ ಮಟ್ಟವನ್ನು ಮೇಲಿಟ್ಟು, ವಿಷಯವನ್ನು ಮಕ್ಕಳ ಬದುಕಿನಿಂದ ಆರಿಸಿಕೊಳ್ಳಿ. ಹನೋಯ್‌ನ ಮೊದಲನೆಯ ವರ್ತುಲ ರಸ್ತೆಯೊಳಗೆ 2026ರ ಜುಲೈಯಿಂದ ಪೆಟ್ರೋಲ್ ಬೈಕುಗಳ ಓಡಾಟವನ್ನು ನಿಲ್ಲಿಸಬೇಕೆಂದು 2025ರ ಜುಲೈಯಲ್ಲಿ ಪ್ರಧಾನಮಂತ್ರಿಗಳ ನಿರ್ದೇಶನ ಹೊರಟಾಗ, ನನ್ನ ತರಗತಿಯಲ್ಲಿ ಅಭಿಪ್ರಾಯವಿಲ್ಲದ ಮಗುವೇ ಇರಲಿಲ್ಲ. ಮೆಕಾಂಗ್ ಮುಖಜಭೂಮಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತಿರುವುದು, ಹೊಸವರ್ಷದ ಟೆಟ್ ಹಬ್ಬಕ್ಕೆ ಊರಿಗೆ ಹೋಗಲೇಬೇಕೇ ಎಂಬ ಮನೆಮನೆಯ ಚರ್ಚೆ, ಶಾಲೆಯ ನಂತರದ ಹೆಚ್ಚುವರಿ ತರಗತಿಗಳ ಮೇಲೆ 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ನಿರ್ಬಂಧ, ಇವೆಲ್ಲ ಸಿ1 ಮಟ್ಟದ ಭಾಷೆಯನ್ನು ತಾವಾಗಿಯೇ ಬೇಡುವ ವಿಷಯಗಳು.

ಬರವಣಿಗೆಯ ವಿಚಾರದಲ್ಲಿ ನೀವು ಎದುರಿಸುವ ದೊಡ್ಡ ತೊಡಕು ಸಿದ್ಧ ಅಚ್ಚುಗಳು. ಪೀಠಿಕೆಯ ಎರಡು ವಾಕ್ಯ, ಪ್ರತಿ ಪರಿಚ್ಛೇದದ ಆರಂಭದ ಜೋಡಣೆಯ ಪದ, ಕೊನೆಯ ಸಾಲು, ಎಲ್ಲವೂ ಮೊದಲೇ ಬಾಯಿಗೆ ಬಂದಿರುತ್ತವೆ. ಈ ಅಚ್ಚನ್ನು ಮುರಿಯಲು ನನಗೆ ಕಂಡ ಒಳ್ಳೆಯ ಉಪಾಯವೆಂದರೆ ಆಕರಗಳನ್ನು ಕೊಟ್ಟು ಬರೆಸುವುದು. ಒಂದೇ ವಿಷಯದ ಬಗ್ಗೆ ಪರಸ್ಪರ ಒಪ್ಪದ ಎರಡು ಸಣ್ಣ ಪಠ್ಯಗಳನ್ನು ಕೊಡಿ. ಒಂದು ಇಂಗ್ಲಿಷಿನದು, ಇನ್ನೊಂದು ವಿಯೆಟ್ನಾಮೀಸ್ ಪತ್ರಿಕೆಯದು ಇರಲಿ. ಎರಡನ್ನೂ ಓದಿ, ವಿಯೆಟ್ನಾಮೀಸ್ ಬಾರದ ಒಬ್ಬ ಗೊತ್ತಾದ ಓದುಗನಿಗೆ, ಉದಾಹರಣೆಗೆ ಶಾಲೆಗೆ ಭೇಟಿ ಕೊಡಲಿರುವ ಮಲೇಷ್ಯಾದ ವಿದ್ಯಾರ್ಥಿಗಳ ತಂಡಕ್ಕೆ, ಭಿನ್ನಾಭಿಪ್ರಾಯ ಎಲ್ಲಿದೆ ಎಂದು ವಿವರಿಸಿ ಬರೆಯಲಿ. ಯುರೋಪಿನ ಚೌಕಟ್ಟಿಗೆ 2020ರಲ್ಲಿ ಬಂದ ಪೂರಕ ಸಂಪುಟವು ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಮಧ್ಯಸ್ಥಿಕೆಯ ಸಾಮರ್ಥ್ಯಕ್ಕೆ ವಿಸ್ತಾರವಾದ ವಿವರಣೆಗಳನ್ನು ಕೊಟ್ಟಿದೆ. ಅವನ್ನು ಓದಿಕೊಂಡರೆ ಅಂಕ ಕೊಡುವ ಮಾನದಂಡಗಳ ಪಟ್ಟಿ ರಚಿಸುವುದು ಸುಲಭವಾಗುತ್ತದೆ. ತರಗತಿಯ ಎಲ್ಲ ಮಕ್ಕಳೂ ಎರಡೂ ಭಾಷೆ ಬಲ್ಲವರಾಗಿರುವ ಇಂಥ ಶಾಲೆಯಲ್ಲಿ ಆ ಶಕ್ತಿಯನ್ನು ಅಳೆಯದೆ ಬಿಡುವುದು ನಷ್ಟವೆಂದು ನಾನು ಬಲವಾಗಿ ನಂಬುತ್ತೇನೆ.

ಮಾತಿನ ಪರೀಕ್ಷೆಯ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೊರಗಿನಿಂದ ಬಂದ ಶಿಕ್ಷಕರು ಅನ್ಯಾಯ ಮಾಡುವುದು ಇಲ್ಲಿಯೇ ಹೆಚ್ಚು. ವಿಯೆಟ್ನಾಮೀಸ್ ಭಾಷೆಯಲ್ಲಿ ಕಾಲಕ್ಕೆ, ವಚನಕ್ಕೆ ತಕ್ಕಂತೆ ಪದದ ರೂಪ ಬದಲಾಗುವುದಿಲ್ಲ. ಪದದ ಕೊನೆಯಲ್ಲಿ ಬರಬಹುದಾದ ವ್ಯಂಜನಗಳು ಕೆಲವೇ ಕೆಲವು. ಪ, ತ, ಕ ಧ್ವನಿಗಳು ಕೊನೆಯಲ್ಲಿ ಬಂದಾಗಲೂ ಬಾಯಿಯೊಳಗೇ ನಿಂತುಬಿಡುತ್ತವೆ, ಹೊರಗೆ ಸಿಡಿಯುವುದಿಲ್ಲ. ಸಕಾರದಲ್ಲಿ ಕೊನೆಯಾಗುವ ಪದವಿಲ್ಲ, ಕೊನೆಯಲ್ಲಿ ಎರಡು ವ್ಯಂಜನಗಳು ಕೂಡಿ ಬರುವುದೂ ಇಲ್ಲ. ಹೀಗಾಗಿ ‘ಆಸ್ಕ್ಡ್’ ಎನ್ನಬೇಕಾದಲ್ಲಿ ಮಗು ‘ಆಸ್’ ಎಂದಂತೆ ನಮಗೆ ಕೇಳಿಸುತ್ತದೆ. ಕನ್ನಡದವರಾದ ನಾವು ಕೊನೆಯ ವ್ಯಂಜನಕ್ಕೆ ಉಕಾರ ಸೇರಿಸಿ ಬಸ್ಸು, ಕಾರು ಎಂದು ತುಂಬಿಸಿಕೊಳ್ಳುವವರು. ಅವರು ಅದನ್ನು ನುಂಗುವವರು. ನಮ್ಮ ಕಿವಿಗೆ ಆ ನುಂಗುವಿಕೆ ವ್ಯಾಕರಣದ ದೋಷವೆಂದೇ ತೋರುತ್ತದೆ. ಅದು ಭೂತಕಾಲ ತಿಳಿಯದೆ ಆದ ತಪ್ಪೋ, ಕೊನೆಯ ಧ್ವನಿ ಹೊರಡದೆ ಆದದ್ದೋ ಎಂಬುದನ್ನು ಅದೇ ಮಗುವಿನ ಬರವಣಿಗೆಯೊಂದಿಗೆ ಹೋಲಿಸಿ ತೀರ್ಮಾನಿಸಿ. ಬರೆಯುವಾಗ ಸರಿಯಾಗಿ ಬರೆಯುತ್ತಿದ್ದರೆ, ಮಾತಿನಲ್ಲಿ ‘ವೆಂಟ್’, ‘ಬಾಟ್’ ಮುಂತಾದ ರೂಪಗಳನ್ನು ಸರಿಯಾಗಿ ಆರಿಸುತ್ತಿದ್ದರೆ, ಅದನ್ನು ಉಚ್ಚಾರಣೆಯ ಅಂಕದಲ್ಲಿ ಮಾತ್ರ ಕಳೆಯಬೇಕು, ವ್ಯಾಕರಣದಲ್ಲಿ ಮತ್ತೊಮ್ಮೆ ಕಳೆಯಬಾರದು. ಒಂದೇ ತಪ್ಪಿಗೆ ಎರಡು ಬಾರಿ ದಂಡ ತೆತ್ತ ಮಕ್ಕಳ ಅಂಕಪಟ್ಟಿಗಳನ್ನು ಸಾಕಷ್ಟು ನೋಡಿದ್ದೇನೆ.

ಇನ್ನೊಂದು ಸಂಗತಿ, ಮರ್ಯಾದೆಯದು. ಇಲ್ಲಿ ಶಿಕ್ಷಕರನ್ನು, ಗಂಡಸರಾದರೆ ‘ಥಾಯ್’, ಹೆಂಗಸರಾದರೆ ‘ಕೋ’ ಎಂದು ಕರೆದು, ತನ್ನನ್ನು ‘ಎಮ್’, ಎಂದರೆ ಕಿರಿಯ ಒಡಹುಟ್ಟು, ಎಂದು ಹೇಳಿಕೊಂಡೇ ಮಗು ಮಾತು ಆರಂಭಿಸುತ್ತದೆ. ಗುರುಗಳ ಎದುರು ಕುಳಿತು ಅವರ ಮಾತನ್ನು ಖಂಡಿಸುವುದು ಅವರ ಸಂಸ್ಕಾರಕ್ಕೆ ಹೊಂದುವುದಿಲ್ಲ. ಇಂಗ್ಲಿಷಿನ ‘ಯೂ’ ಬಳಸಿದ ಮಾತ್ರಕ್ಕೆ ಆ ಸಂಕೋಚ ಕರಗುವುದಿಲ್ಲ. ನೀವು ಒಂದು ನಿಲುವು ಹೇಳಿ ಅದನ್ನು ವಿರೋಧಿಸಿ ಎಂದರೆ ಬಹಳ ಮಕ್ಕಳು ನಗುತ್ತಾ ಒಪ್ಪಿಬಿಡುತ್ತಾರೆ, ನೀವು ಅದನ್ನು ಭಾಷೆಯ ಬಡತನವೆಂದು ಬರೆದುಕೊಳ್ಳುತ್ತೀರಿ. ಆದ್ದರಿಂದ ವಾದ, ಒಪ್ಪಂದ, ತಿದ್ದುಪಡಿಗಳನ್ನು ಪರೀಕ್ಷಿಸಬೇಕಾದಾಗ ಇಬ್ಬರು ಅಥವಾ ಮೂವರು ಸಮಾನ ವಯಸ್ಕರನ್ನು ಕೂರಿಸಿ, ಅವರ ಮುಂದೆ ನಿಜವಾಗಿ ತೀರ್ಮಾನವಾಗಬೇಕಾದ ವಿಷಯವನ್ನಿಟ್ಟು, ನೀವು ಹಿಂದೆ ಸರಿದು ಕೇಳಿಸಿಕೊಳ್ಳಿ. ಜೋಡಿಯಲ್ಲಿ ಒಬ್ಬರೇ ಮಾತನಾಡುವ ಅಪಾಯವಿದೆ, ಹಾಗಾಗಿ ಜೋಡಿ ಬದಲಿಸಿ ಎರಡನೆಯ ಬಾರಿ ಕೇಳುವುದು ಅಗತ್ಯ. ಧ್ವನಿಮುದ್ರಣ ಮಾಡಿಕೊಳ್ಳಿ, ಅಂಕ ಕೊಡುವ ಇನ್ನೊಬ್ಬ ಸಹೋದ್ಯೋಗಿ, ಸಾಧ್ಯವಾದರೆ ವಿಯೆಟ್ನಾಮೀಸ್ ಮಾತೃಭಾಷೆಯವರು, ನಿಮ್ಮ ಅಂಕವನ್ನು ನೋಡದೆ ತಾವೂ ಅಂಕ ಹಾಕಲಿ. ಇಬ್ಬರ ಅಂಕಗಳಲ್ಲಿ ಬಹಳ ಅಂತರವಿದ್ದ ಕಡೆ ಕುಳಿತು ಮಾತನಾಡುವುದೇ ನಿಮಗೆ ಸಿಗುವ ಅತ್ಯುತ್ತಮ ತರಬೇತಿ.

ಓದು ಮತ್ತು ಕೇಳುವಿಕೆಯ ಬಗ್ಗೆ ಇಷ್ಟು ಹೇಳಿದರೆ ಸಾಕು. ಓದಿಗೆ ಬಹು ಆಯ್ಕೆಯ ಪ್ರಶ್ನೆಗಳನ್ನು ಕಡಿಮೆ ಮಾಡಿ, ‘ಲೇಖಕರು ಎದುರು ಪಕ್ಷದ ಮಾತನ್ನು ಒಪ್ಪಿಕೊಳ್ಳುವುದು ಎಲ್ಲಿ, ಒಪ್ಪಿಯೂ ಅದರಿಂದ ಜಾರಿಕೊಳ್ಳುವುದು ಹೇಗೆ’ ಎಂಬಂಥ ಪ್ರಶ್ನೆಗಳಿಗೆ ಎರಡು ಮೂರು ವಾಕ್ಯಗಳ ಉತ್ತರ ಬರೆಸಿ. ಕೇಳುವಿಕೆಗೆ ಬ್ರಿಟನ್, ಅಮೆರಿಕದ ಧ್ವನಿಗಳ ಜೊತೆಗೆ ಸಿಂಗಾಪುರ, ಫಿಲಿಪೀನ್ಸ್, ಭಾರತದ ಧ್ವನಿಗಳನ್ನೂ ಸೇರಿಸಿ. ಆಗ್ನೇಯ ಏಷ್ಯಾದ ದೇಶಗಳ ಆಸಿಯಾನ್ ಒಕ್ಕೂಟದ ಸನ್ನದಿನ ಪ್ರಕಾರ ಅದರ ಕಾರ್ಯಭಾಷೆ ಇಂಗ್ಲಿಷ್. ಈ ಮಕ್ಕಳು ಮುಂದೆ ಇಂಗ್ಲಿಷಿನಲ್ಲಿ ವ್ಯವಹರಿಸುವುದು ನೆರೆಯ ದೇಶಗಳವರ ಜೊತೆಗೇ ಹೆಚ್ಚಿರಬಹುದು.

ಇದನ್ನೆಲ್ಲ ಮಾಡಲು ಶಾಲೆಯ ವ್ಯವಸ್ಥೆಯಲ್ಲಿ ಜಾಗವೆಲ್ಲಿದೆ ಎಂದು ನೀವು ಕೇಳಬಹುದು. ಶಿಕ್ಷಣ ಸಚಿವಾಲಯದ 2021ರ 22ನೆಯ ಸುತ್ತೋಲೆಯ ಪ್ರಕಾರ ಪ್ರತಿ ಅರ್ಧವರ್ಷದಲ್ಲಿ ಒಂದೊಂದು ಸಾಮಾನ್ಯ ಮೌಲ್ಯಮಾಪನಕ್ಕೂ ಒಂದು ಪಾಲು, ಮಧ್ಯಾವಧಿ ಪರೀಕ್ಷೆಗೆ ಎರಡು ಪಾಲು, ಅವಧಿಯ ಕೊನೆಯ ಪರೀಕ್ಷೆಗೆ ಮೂರು ಪಾಲು ತೂಕವಿದೆ. ಮಧ್ಯಾವಧಿ ಮತ್ತು ಕೊನೆಯ ಪರೀಕ್ಷೆಗಳ ಸ್ವರೂಪವನ್ನು ಸಾಮಾನ್ಯವಾಗಿ ವಿಷಯ ತಂಡ, ಅಂದರೆ ಆ ವಿಷಯ ಕಲಿಸುವ ಶಿಕ್ಷಕರ ಗುಂಪು, ಕೂಡಿ ನಿರ್ಧರಿಸುವುದರಿಂದ ಹೊಸಬರಾದ ನಿಮಗೆ ಅಲ್ಲಿ ಕೈಯಾಡಿಸಲು ಅವಕಾಶ ಕಡಿಮೆ. ಆದರೆ ಇಂಗ್ಲಿಷಿಗೆ ಪ್ರತಿ ಅರ್ಧವರ್ಷದಲ್ಲಿ ನಾಲ್ಕು ಸಾಮಾನ್ಯ ಮೌಲ್ಯಮಾಪನಗಳಿರುತ್ತವೆ. ಅವು ಮೌಖಿಕವಾಗಿರಬಹುದು, ಲಿಖಿತವಾಗಿರಬಹುದು, ಯೋಜನೆಯ ರೂಪದಲ್ಲೂ ಇರಬಹುದು. ಒಂದನ್ನು ಜೋಡಿ ಚರ್ಚೆಗೆ, ಒಂದನ್ನು ಎರಡು ಆಕರಗಳ ಬರವಣಿಗೆಗೆ, ಒಂದನ್ನು ಅದೇ ಬರವಣಿಗೆಯನ್ನು ತಿದ್ದಿ ಮತ್ತೆ ಬರೆಯುವುದಕ್ಕೆ ಮೀಸಲಿಡಿ. ತಿದ್ದಿ ಬರೆಯುವುದಕ್ಕೆ ಅಂಕವಿದೆಯೆಂದು ತಿಳಿದಾಗ ಮಕ್ಕಳು ನಿಮ್ಮ ಟಿಪ್ಪಣಿಗಳನ್ನು ನಿಜವಾಗಿ ಓದುತ್ತಾರೆ. ನಾಲ್ಕನೆಯದನ್ನು ಅವರಿಗೆ ಪರಿಚಿತವಾದ ಹಳೆಯ ಮಾದರಿಯ ಭಾಷಾ ಬಳಕೆಯ ಪತ್ರಿಕೆಗೆ ಬಿಟ್ಟುಕೊಡಿ. ಪ್ರತಿಭಾ ಪರೀಕ್ಷೆಗೆ ತಯಾರಾಗುವವರಿಗೆ ಅದು ಬೇಕೇ ಬೇಕು, ಮತ್ತು ಅದನ್ನು ಪೂರ್ತಿಯಾಗಿ ಕೈಬಿಟ್ಟರೆ ಪೋಷಕರ ಆತಂಕವನ್ನು ನಿಭಾಯಿಸುವುದು ನಿಮ್ಮ ವಿಷಯ ತಂಡದ ಮುಖ್ಯಸ್ಥರಿಗೂ ಕಷ್ಟವಾಗುತ್ತದೆ.

ಶಾಲೆ ಆರಂಭವಾಗುವ ಮೊದಲೇ ಆ ಮುಖ್ಯಸ್ಥರನ್ನು ಭೇಟಿಯಾಗಿ, ಹಿಂದಿನ ವರ್ಷದ ಮಕ್ಕಳ ಕೆಲವು ಉತ್ತರ ಪತ್ರಿಕೆಗಳನ್ನು, ಹೆಸರು ತೆಗೆದು, ಕೊಡಲು ಕೇಳಿ. ಅವುಗಳಲ್ಲಿ ಅತ್ಯುತ್ತಮ, ಮಧ್ಯಮ, ದುರ್ಬಲ ಎನ್ನಿಸಿದ ಮೂರನ್ನು ಆರಿಸಿ, ಮಾನದಂಡಗಳ ಪಟ್ಟಿಯ ಪ್ರತಿ ಮಟ್ಟಕ್ಕೂ ಅವುಗಳನ್ನೇ ಮಾದರಿಯಾಗಿಟ್ಟುಕೊಂಡು ನಿಮ್ಮ ಮೊದಲ ಮೌಲ್ಯಮಾಪನವನ್ನು ರಚಿಸಿ. ನೀವು ಆ ಪ್ರಶ್ನೆಪತ್ರಿಕೆಯ ಕರಡನ್ನು ಇಲ್ಲಿ ಹಾಕಿದರೆ ಓದಿ ನನ್ನ ಅಭಿಪ್ರಾಯವನ್ನು ಸಂತೋಷದಿಂದ ತಿಳಿಸುತ್ತೇನೆ.