ಚಾಕೊಲೇಟ್ ಮಾರಿ ಕೊಂಡ ಜಮೀನು

ಶಿರಸಿಯ ಓದುಗ ಮಿತ್ರರೇ,

ಕಾಂಗೋ ದೇಶದ ಲುಸಾಂಗಾದಲ್ಲಿ ತೋಟದ ಕೂಲಿಗಳು ಮಾಡುವ ಶಿಲ್ಪಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಎರಡು ಮಾತು ಕೇಳಿದ್ದೀರಿ. ಹೊಟ್ಟೆಗಿಲ್ಲದವರಿಗೆ ಶಿಲ್ಪ ಯಾಕೆ, ಆಸ್ಪತ್ರೆ ಕಟ್ಟಿಸಿಕೊಡಬಾರದೆ? ಇದೂ ಬಿಳಿಯನೊಬ್ಬ ಹೂಡಿದ ಆಟವೇ ಅಲ್ಲವೆ?

ಮೊದಲನೆಯದಕ್ಕೆ ನಿಮ್ಮ ಬಚ್ಚಲುಮನೆಯಿಂದಲೇ ಶುರುಮಾಡುತ್ತೇನೆ. ಸನ್‌ಲೈಟ್, ಲೈಫ್‌ಬಾಯ್ ಸೋಪಿನ ಲಿವರ್ ಕಂಪನಿಗೆ 1911ರಲ್ಲಿ, ಆಗ ಕಾಂಗೋವನ್ನು ಆಳುತ್ತಿದ್ದ ಬೆಲ್ಜಿಯಂ ಸರ್ಕಾರ, ಸೋಪಿಗೆ ಬೇಕಾದ ಎಣ್ಣೆಗಾಗಿ ಅಲ್ಲಿನ ತಾಳೆ ಕಾಡುಗಳನ್ನು ಬಿಟ್ಟುಕೊಟ್ಟಿತು. ಲುಸಾಂಗಾದ ಹೆಸರೇ ಲಿವರ್‌ವಿಲ್ ಆಯಿತು. ಗೊನೆ ಇಳಿಸಲು ಬಲವಂತದ ದುಡಿಮೆ. ಅದೇ ಕಂಪನಿ ಮುಂದೆ ಯೂನಿಲಿವರ್ ಆಗಿ, 2000ದಿಂದ 2012ರವರೆಗೆ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ದೊಡ್ಡ ದೊಡ್ಡ ಪ್ರದರ್ಶನಗಳಿಗೆ ದುಡ್ಡು ಕೊಟ್ಟಿತು. ಬೆವರು ಇಲ್ಲಿ, ಕಲೆ ಅಲ್ಲಿ.

2014ರಲ್ಲಿ ಸಂಘ ಕಟ್ಟಿಕೊಂಡ ಕೂಲಿಗಳು ದುಡ್ಡಿನ ಈ ಹರಿವನ್ನೇ ತಿರುಗಿಸಲು ಹೊರಟರು. ಹೊಳೆಯ ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ತೆಗೆದು, ಚಾಕೊಲೇಟ್ ಎರೆಯುತ್ತಾರೆ. ಫೋಟೋ ದಿಟ್ಟಿಸಿ ನೋಡಿ: ಕಡುಗಂದು ಮೈ, ಅದರ ಮೇಲೆ ಮಣ್ಣು ತಟ್ಟಿದ ಕೈಯ ಗುರುತು. ಒಂದರ ಹೆಸರು ‘ಕಲಾಸಂಗ್ರಾಹಕ’. ಕೊಳ್ಳುವವನನ್ನೇ ಕೊಳ್ಳುವವನಿಗೆ ಮಾರುವ ಈ ತುಂಟತನ ನನಗೆ ಬಹಳ ಹಿಡಿಸಿತು. 2017ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವಾಯಿತು. ಬಂದ ಹಣದಲ್ಲಿ ಸುಮಾರು 200 ಹೆಕ್ಟೇರ್ ಜಮೀನು ಕೊಂಡು, ಒಂದೇ ಬೆಳೆಯಿಂದ ಸವೆದ ಆ ನೆಲದಲ್ಲಿ ಈಗ ಮಿಶ್ರಬೆಳೆ ಹಾಕುತ್ತಿದ್ದಾರೆ. ಅಡಿಕೆಯ ನಡುವೆ ಮೆಣಸು, ಬಾಳೆ ಬೆಳೆಸುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ದಾನದ ಆಸ್ಪತ್ರೆಯ ಬೀಗದಕೈ ಕೊಟ್ಟವನ ಜೇಬಿನಲ್ಲೇ ಉಳಿಯುವುದುಂಟು.

ಎರಡನೆಯದರಲ್ಲಿ ಅರ್ಧ ನಿಮ್ಮ ಪಕ್ಷವೇ. ಕೂಲಿಗಳನ್ನು ಇದಕ್ಕೆ ಒಗ್ಗೂಡಿಸಿದವರು ಡಚ್ ಕಲಾವಿದ ರೆಂಜೊ ಮಾರ್ಟೆನ್ಸ್. ಮೊದಮೊದಲು ಹೆಸರು ಬಂದದ್ದೂ ಅವರಿಗೇ. ತೋಟದ ನಡುವೆ 2017ರಲ್ಲಿ ಎದ್ದ ಬಿಳಿ ಪೆಟ್ಟಿಗೆಯಂಥ ಗ್ಯಾಲರಿ ಅತಿಯಾಯಿತೆಂದೇ ನನಗನ್ನಿಸಿತ್ತು.

ಆದರೆ ಆ ಪೆಟ್ಟಿಗೆಗೂ ಒಂದು ಉಪಯೋಗ ಸಿಕ್ಕಿತು. 1931ರಲ್ಲಿ ಆ ಭಾಗದ ಪೆಂಡೆ ಬುಡಕಟ್ಟಿನ ಜನ ದಂಗೆಯೆದ್ದಾಗ ಬಾಲೋ ಎಂಬ ಬೆಲ್ಜಿಯನ್ ಅಧಿಕಾರಿ ಹತನಾದ, ಸೇಡಿಗೆ ನೂರಾರು ಪೆಂಡೆಗಳನ್ನು ಕೊಂದರು. ಆಗ ಕೆತ್ತಿದ ಬಾಲೋನ ಮರದ ಮೂರ್ತಿ ಅಮೆರಿಕದ ವರ್ಜೀನಿಯಾದ ಮ್ಯೂಸಿಯಂ ಸೇರಿತ್ತು. 2024ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಡಚ್ ವಿಭಾಗದಲ್ಲಿ ಈ ಸಂಘದ ಶಿಲ್ಪಗಳಿದ್ದ ಹೊತ್ತಿಗೇ ಆ ಮೂರ್ತಿ ಲುಸಾಂಗಾದ ಬಿಳಿ ಪೆಟ್ಟಿಗೆಗೆ ಬಂತು. ಬಂದದ್ದು ಎರವಲಾಗಿ, ವಾಪಸು ಕಳಿಸುವ ಕರಾರಿನ ಮೇಲೆ. ಆ ಕರಾರು ನಿಮಗೆ ಹಿಡಿಸದಿದ್ದರೆ, ನನಗೂ ಹಿಡಿಸಿಲ್ಲ.

— ಸಂ.